ಡಿಫರೆನ್ಸಿಗೆ ಬೇರೆ ಆಯಿಲ್

ಅತ್ತೆ: ನನಗಿನ್ನೂ ಅರವತ್ತೇ ತುಂಬಿಲ್ಲ. ಎಂಬತ್ತು-ತೊಂಬತ್ತು ಇರಬೇಕು ಅಂದ್ರಲ್ಲ ಅಳಿಯಂದ್ರೆ, ಯಾವ ಬಾಯಲ್ಲಿ ಅಂದ್ರಿ?

ಅಳಿಯ: ಅಯ್ಯೋ, ನಿಮ್ಮ ವಯಸ್ಸಲ್ಲ ಅತ್ತೆ, ಆಯಿಲ್ ನಂಬರು. ಗೇರ್‌ಬಾಕ್ಸಿಗೆ ಹಾಕೋದು. ಮಾವ ಇದ್ದಿದ್ರೆ ನಾನು ಬಾಯಿ ತೆರೆಯೋಕೆ ಮುಂಚೆ ಡಬ್ಬ ಇಳಿಸಿರೋರು.

ಮಾವ ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಅವರ ಆಯಿಲ್ ಅಂಗಡಿಯ ಗಲ್ಲಾದಲ್ಲಿ ಇವತ್ತು ಅತ್ತೆಯದೇ ದರ್ಬಾರು. ಎದುರಿನ ಗ್ಯಾರೇಜಿನಲ್ಲಿ ಅಳಿಯನ ಲಾರಿ ಹಳೇ ಆಯಿಲೆಲ್ಲ ಇಳಿಸಿಕೊಂಡು ಖಾಲಿ ಹೊಟ್ಟೆಯಲ್ಲಿ ನಿಂತಿತ್ತು. ಸಂಜೆಯೊಳಗೆ ಅದು ಕಬ್ಬಿಣ ಹೇರಿಕೊಂಡು ಬೆಟ್ಟ ಹತ್ತದಿದ್ದರೆ ಆ ಬಾಡಿಗೆ ಇನ್ನೊಬ್ಬರ ಪಾಲು. ಪಾಪ, ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಅತ್ತೆ: (ಡಬ್ಬ ಇಳಿಸುತ್ತ) ಇದೇ ಇನ್ನೊಂದು ಕೊಡ್ಲಾ?

ಅಳಿಯ: ಬೇಡ. ಡಿಫರೆನ್ಸಿಗೆ ಇದು ನಡೆಯಲ್ಲ.

ಅತ್ತೆ: ಏನದು ಡಿಫರೆನ್ಸು?

ಅಳಿಯ: ಬಹಳ ದಿನದಿಂದ ಇದ್ದಿದ್ದೇ ಅತ್ತೆ. ಈಗ ಶಬ್ದ ಹೊರಗೆ ಬರ್ತಿದೆ, ಅಷ್ಟೆ.

ಲಾರಿಯ ಹಿಂದಿನ ಗಾಲಿಗಳ ನಡುವೆ ಉಬ್ಬಿಕೊಂಡಿರುವ ಗೇರಿನ ಪೆಟ್ಟಿಗೆಗೆ ಡಿಫರೆನ್ಷಿಯಲ್ ಎಂದು ಹೆಸರು. ಲಾರಿಯವರ ಬಾಯಲ್ಲಿ ಅದು ಡಿಫರೆನ್ಸು. ಮಗಳನ್ನು ಕೊಟ್ಟ ತಾಯಿಯ ಕಿವಿಗೆ ಅದು ಗಂಡ-ಹೆಂಡಿರ ಮನಸ್ತಾಪವಾಗಿ ಬಿತ್ತು. ಕೊಟ್ಟ ಡಬ್ಬವನ್ನು ಅತ್ತೆ ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು.

ಅತ್ತೆ: ಶಬ್ದ ಜೋರಾ?

ಅಳಿಯ: ಲೋಡ್ ಬಿದ್ರೆ ಸಾಕು, ಕಿರುಚುತ್ತೆ.

ಅತ್ತೆ: ಹೆಣ್ಣುಮಕ್ಕಳನ್ನ ‘ಕಿರುಚುತ್ತೆ’ ಅನ್ನಬಾರದು ಅಳಿಯಂದ್ರೆ.

ಅಳಿಯ: ಹೆಣ್ಣು ಅಂತಲೇ ಇಟ್ಕೊಳ್ಳಿ. ಕಿರುಚೋದಂತೂ ನಿಜ.

ಅತ್ತೆ: ಅಷ್ಟೊಂದು ಲೋಡ್ ಯಾಕೆ ಹಾಕ್ತೀರಾ? ನೀವೂ ಒಂದು ಕೈ ಹಾಕಬಾರದಾ?

ಅಳಿಯ: ನೀನು ಕೈ ಹಾಕಬೇಡ ಅಂದಿದ್ದಾನೆ ಮೆಕ್ಯಾನಿಕ್ಕು.

ಅತ್ತೆ: ಮೆಕ್ಯಾನಿಕ್ಕಿಗೂ ಹೇಳಿಬಿಟ್ರಾ?

ಅಳಿಯ: ಇಡೀ ಗ್ಯಾರೇಜೇ ನಿಂತು ಕೇಳಿದೆ ಅತ್ತೆ. ಬೇರೆ ಬೇರೆ ಮಾಡೋದೇ ಒಳ್ಳೇದು, ಒಂದೇ ಮಾಡಿದ್ರೆ ಒಂದನ್ನೊಂದು ತಿಂದುಹಾಕುತ್ತೆ ಅಂತ ತೀರ್ಮಾನ ಆಯ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

ಅತ್ತೆ: ನಿನ್ನ ಗಂಡ ಬೇರೆ ಆಗ್ತಾರಂತಲ್ಲೇ, ಒಂದು ಮಾತು ಹೇಳಬಾರದಿತ್ತಾ?

ಅಳಿಯನಿಗೆ ಆಗ ಹೊಳೆಯಿತು.

ಅಳಿಯ: ಅತ್ತೆ, ಡಿಫರೆನ್ಸು ಲಾರಿದು! ಕಿರುಚೋದೂ ಲಾರಿನೇ! ಗೇರ್‌ಬಾಕ್ಸಿಗೆ ಎಂಬತ್ತು-ತೊಂಬತ್ತು, ಡಿಫರೆನ್ಸಿಗೆ ಎಂಬತ್ತೈದು-ನೂರಾ ನಲವತ್ತು. ಅದು ಖಾರದ ಆಯಿಲು, ಗೇರ್‌ಬಾಕ್ಸಿಗೆ ಹಾಕಿದ್ರೆ ಒಳಗಿರೋ ಹಿತ್ತಾಳೆ ರಿಂಗು ತಿಂದುಹಾಕುತ್ತೆ. ವಿಷಯ ಅಷ್ಟೇ. ನಮ್ಮಿಬ್ಬರ ಮಧ್ಯೆ ಏನೂ ಇಲ್ಲ.

ಹೆಂಡತಿ: (ಫೋನಿನಲ್ಲಿ) ಏನೂ ಇಲ್ವಾ? ಲಾರಿ ಕಿರುಚೋದು ಕೇಳಿಸುತ್ತೆ ನಿಮಗೆ. ನಾನು ಸೋಮವಾರದಿಂದ ನಿಮ್ಮ ಹತ್ತಿರ ಒಂದು ಮಾತೂ ಆಡಿಲ್ಲ, ಅದು ಕೇಳಿಸಲೇ ಇಲ್ವಾ?

ಫೋನ್ ಕಟ್ ಆಯಿತು. ಈ ವಾರ ಮನೆ ಎಷ್ಟು ತಣ್ಣಗಿದೆ ಎಂದು ಬೆಳಗ್ಗೆಯಷ್ಟೇ ಅವನು ಗ್ಯಾರೇಜಿನಲ್ಲಿ ಎದೆಯುಬ್ಬಿಸಿ ಹೇಳಿಕೊಂಡಿದ್ದ. ಈಗ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅತ್ತೆ ಎದ್ದು, ಎರಡು ಡಬ್ಬ ತಂದು ಮುಂದಿಟ್ಟರು.

ಅತ್ತೆ: ತಗೊಳ್ಳಿ. ಇದು ಗೇರ್‌ಬಾಕ್ಸಿಗೆ, ಇದು ಡಿಫರೆನ್ಸಿಗೆ.

ಅಳಿಯ: (ಮೆಲ್ಲಗೆ) ಮತ್ತೆ... ಮನೇದಕ್ಕೆ, ಅತ್ತೆ?

ಅತ್ತೆ: ಅದನ್ನ ಮದುವೆಯಾದಾಗಿನಿಂದ ನಿಮ್ಮ ಮಾವನೂ ಕೇಳ್ತಾನೇ ಇದ್ದಾರೆ. ಇನ್ನೂ ಸ್ಟಾಕ್ ಬಂದಿಲ್ಲ.