ಏಟು ತಪ್ಪಿಸುವವನ ಸಾಕ್ಷಿ

ಕೆರಗೋಡಿನ ಗರಡಿಯಲ್ಲಿ ನಾನು ಹನ್ನೆರಡು ವರ್ಷ ದೊಣ್ಣೆವರಸೆ ಕಲಿತವನು. ಹೊಡೆಯಲು ಅಷ್ಟಾಗಿ ಬರಲಿಲ್ಲ, ತಪ್ಪಿಸಿಕೊಳ್ಳಲು ಚೆನ್ನಾಗಿ ಬಂತು. ಎದುರಿನವನು ದೊಣ್ಣೆ ಬೀಸಿದರೆ ನನ್ನದನ್ನು ಓರೆ ಹಿಡಿದು ಏಟನ್ನು ಪಕ್ಕಕ್ಕೆ ಜಾರಿಸುತ್ತಿದ್ದೆ. ಈಗ ಮಂಡಿನೋವು. ಗರಡಿ ಬಿಟ್ಟೆ, ವಿದ್ಯೆ ಬಿಡಲಿಲ್ಲ, ಮಾತಿನಲ್ಲಿ ಬಳಸತೊಡಗಿದೆ. "ಮಗಳಿಗೆ ಇನ್ನೂ ಮಕ್ಕಳಾಗ್ಲಿಲ್ವಾ?" ಎಂದು ಯಾರಾದರೂ ಕೇಳಿದರೆ "ನಿಮ್ ಕಬ್ಬು ಕಟಾವಾಯ್ತಾ?" ಎನ್ನುತ್ತೇನೆ.

"ಗಂಟೆ ಎಷ್ಟು ಅಂತ ಕೇಳುದ್ರೆ ಬಸ್ಸು ಓಯ್ತಾ ಅಂತೀರಲ್ಲ" ಎಂದು ಹೆಂಡತಿ ಜಯಮ್ಮ ಬೈಯುತ್ತಾಳೆ. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಮ್ಮ ಕಡೆ ಹೆಣ್ಣು ಕೊಡುವವರು ಹೇಳದೆ ಕೇಳದೆ ಗಂಡಿನ ಊರಿಗೆ ಬಂದು, ಟೀ ಅಂಗಡಿಯಲ್ಲಿ ಕೂತು, ಅಕ್ಕಪಕ್ಕದವರನ್ನು ವಿಚಾರಿಸಿ ಹೋಗುತ್ತಾರೆ. ಪಕ್ಕದ ಮನೆ ಸಾಕಮ್ಮನ ಮಗ ಮಾದೇವನಿಗೆ ಮೂವತ್ತಾರು. ಬೇಸಾಯದವನೆಂದು ಏಳು ಕಡೆ ಬೇಡವೆಂದಿದ್ದರು. ಎಂಟನೆಯವಳು, ಮಳವಳ್ಳಿ ಕಡೆಯ ಹುಡುಗಿ, ಒಪ್ಪಿದ್ದಳು. ವಿಚಾರಣೆಯೊಂದೇ ಬಾಕಿ. ಅವಳ ಅಪ್ಪ ಬಂದು ಕೂತದ್ದು ನನ್ನ ಪಕ್ಕದಲ್ಲೇ.

"ಉಡ್ಗ ಕುಡಿತಾನಾ ಸ್ವಾಮಿ?"

ಮಾದೇವ ಹಬ್ಬಕ್ಕೂ ಮುಟ್ಟುವವನಲ್ಲ. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪ್ರಶ್ನೆ ನೆಟ್ಟಗೆ ಬಂತು, ನಾಲಿಗೆ ತಾನಾಗಿ ಓರೆಯಾಯಿತು.

"ಈಗಿನ್ ಕಾಲ್ದಲ್ಲಿ ಯಾರ್ನ ಏನಂತ ಏಳಾದು. ನಿಮ್ ಕಡೆ ನಾಲೇಲಿ ನೀರು ಬಂತಾ?"

"ಅವ್ವನ್ನ ಚೆನ್ನಾಗ್ ನೋಡ್ಕತಾನಾ?"

"ಸಾಕಮ್ಮ ಗಟ್ಟಿಗಿತ್ತಿ ಬುಡಿ. ಟೀ ಆರೋಯ್ತದೆ, ಕುಡೀರಿ."

"ಬೇರೆ ಯಾವ್ದಾರ ಎಣ್ಣಿನ್ ಸವಾಸ?"

"ಪಕ್ಕದ್ ಮನೆಯೋನು ನಾನು. ನನ್ ಬಾಯಲ್ಲಿ ಯಾಕೆ ಬುಡಿ."

ಮೂರಕ್ಕೆ ಮೂರನ್ನೂ ತಪ್ಪಿಸಿದ್ದೆ. ಆತ ಟೀ ಅರ್ಧಕ್ಕೇ ಬಿಟ್ಟು ಕೈಮುಗಿದ. "ಅರ್ತ ಆಯ್ತು. ದೊಡ್ಡ ಉಪ್ಕಾರ ಮಾಡುದ್ರಿ" ಎಂದು ಮಂಡ್ಯದ ಬಸ್ಸು ಹತ್ತಿದ. ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಸಂಜೆ ಸಾಕಮ್ಮನಿಗೆ ಫೋನು ಬಂತು: ಸಂಬಂಧ ಬೇಡ. ಆ ಮನೆಯಲ್ಲಿ ಅಂದು ಒಲೆ ಹಚ್ಚಲಿಲ್ಲ. ಜಯಮ್ಮ ನನ್ನ ಬಾಯಿಂದ ನಡೆದದ್ದನ್ನೆಲ್ಲ ಹೇಳಿಸಿ ತಲೆಗೆ ಕೈ ಇಟ್ಟುಕೊಂಡಳು.

"ಪಕ್ಕದ್ ಮನೆಯೋರು ಮಾತು ತೇಲುಸ್ಬುಟ್ರೆ ಉಡ್ಗ ಕೆಟ್ಟೋನು ಅಂತ ತಾನೆ? ನಮ್ ಮಗ್ಳಿಗೆ ನೋಡ್ವಾಗ ವೈದ್ಯನಾಥಪುರದ್ ಸಂಬಂದವ ನೀವೂ ಅಂಗೇ ಬುಟ್ಟು ಬರ್ನಿಲ್ವಾ?"

ಬಿಟ್ಟು ಬಂದಿದ್ದೆ. ನಿಜಕ್ಕೂ ನಾಚಿಕೆಯಾಯಿತು.

ಬೆಳಿಗ್ಗೆಯೇ ಮಳವಳ್ಳಿ ಕಡೆಗೆ ಹೊರಟೆ. ಹುಡುಗಿಯ ಮನೆ ಬಾಗಿಲಲ್ಲೇ ನಿಂತು ಹೇಳಿದೆ: "ಮಾದೇವ ಕುಡಿಯಾಕಿಲ್ಲ. ಯಾರ್ ಸವಾಸನೂ ಇಲ್ಲ. ಅವ್ವನ್ನ ಚೆನ್ನಾಗ್ ನೋಡ್ಕತಾನೆ. ಚಿನ್ನದಂತ ಉಡ್ಗ." ಜೀವಮಾನದಲ್ಲಿ ಅಷ್ಟು ನೇರವಾಗಿ ನಾನು ಮಾತಾಡಿರಲಿಲ್ಲ.

"ಅಂಗಾರೆ ನೆನ್ನೆ ಯಾಕೆ ಏಳ್ನಿಲ್ಲ?" ಎಂದ ಹುಡುಗಿಯ ಅಪ್ಪ.

ಅಭ್ಯಾಸಬಲ ಎಂದರೆ ಯಾರು ನಂಬುತ್ತಾರೆ?

"ಉಡ್ಗುನ್ ಕಡೆಯೋರೇ ಏಳ್ಕೊಟ್ಟು ಕಳ್ಸವ್ರೆ. ಓಗ್ಬನ್ನಿ" ಎಂದು ಆತ ಒಳಗೆ ಹೋದ.

ಊರಿಗೆ ಬಂದಾಗ ಸಾಕಮ್ಮ ಜಗಲಿಯಲ್ಲಿ ಕೂತಿದ್ದಳು. ಕಣ್ಣು ಊದಿದ್ದವು.

"ಅಣ್ಣಾ, ನೆನ್ನೆ ಅವ್ರು ನಿನ್ ತಾವ್ಲೇ ವಿಚಾರುಸ್ಕಂಡೋದ್ರಂತೆ. ಮಾದೇವುನ್ ಬಗ್ಗೆ ಏನಂದೆ?"

ಎಲ್ಲವನ್ನೂ ಹೇಳಿಬಿಡಬೇಕೆಂದೇ ಬಸ್ಸಿನಲ್ಲಿ ನಿರ್ಧರಿಸಿಕೊಂಡು ಬಂದಿದ್ದೆ.

"ಏನೂ ಅನ್ನಿಲ್ಲ ಕಣಮ್ಮ" ಎಂದೆ. ಒಂದಕ್ಷರವೂ ಸುಳ್ಳಿರಲಿಲ್ಲ.

"ನೀನು ಕೆಟ್ಟದ್ ಏಳೋನಲ್ಲ ಅಂತ ನಂಗೊತ್ತು ಕಣಣ್ಣ. ಬ್ಯಾರೆ ಯಾರೋ ನನ್ ಮಗುನ್ ಮನೆ ಆಳ್ ಮಾಡುದ್ರು" ಎಂದು ಕಣ್ಣೊರೆಸಿಕೊಂಡು ಒಳಗೆ ಹೋಗಿ ನನಗೆ ಕಾಫಿ ತಂದಳು.

ಕುಡಿದೆ. "ಸಕ್ರೆ ಸರ್ಯಾಗದೆ" ಅಂದೆ. ಅಷ್ಟು ಹೇಡಿ ನಾನು.