ಹೆರಿಗೆಗೆ ಹೊರಟ ಕಪ್ಪು ಏಡಿಯಮ್ಮನವರಿಗೆ ಒಂದು ಬಿನ್ನಹ

ಬೆಟ್ಟದಿಂದ ಕಡಲಿಗೆ ದಯಮಾಡಿಸುತ್ತಿರುವ ಮಾನ್ಯರೇ,

ತಮ್ಮ ಹತ್ತೂ ಕಾಲುಗಳಿಗೆ ನಮಸ್ಕಾರ. ಹೊಟ್ಟೆಯಡಿಯ ಮೊಟ್ಟೆಗಳು ಕ್ಷೇಮವೆಂದು ನಂಬಿದ್ದೇನೆ. ನಮ್ಮ ದ್ವೀಪದಲ್ಲಿ ಬಸುರಿಗೆ ದಾರಿ ಬಿಡಬೇಕೆಂಬ ಕಾನೂನು ಮೊದಲು ಬಂದದ್ದು ತಮಗೇ. ಮನುಷ್ಯ ಬಸುರಿಯರು ಇನ್ನೂ ಬಸ್ಸಿನಲ್ಲಿ ನಿಂತೇ ಹೋಗುತ್ತಾರೆ.

ಆ ಕಾನೂನಿನ ಕರಡು ಬರೆದ ಸಮಿತಿಯಲ್ಲಿ ನಾನೂ ಇದ್ದೆ. ತಾವು ಮೊಟ್ಟೆ ಬಿಡಲು ಇಳಿಯುವ ತಿಂಗಳುಗಳಲ್ಲಿ ಯಾರೂ ತಮ್ಮನ್ನು ಹಿಡಿಯಬಾರದು, ತಾವು ರಸ್ತೆ ದಾಟುವಾಗ ವಾಹನಗಳು ನಿಲ್ಲಬೇಕು, ಹಾಗಾದರೆ ಮಾತ್ರ ನಮ್ಮ ಮೊಮ್ಮಕ್ಕಳ ತಟ್ಟೆಯಲ್ಲೂ ಏಡಿ ಸಾರು ಉಳಿಯುತ್ತದೆ ಎಂದು ಬರೆದೆವು. ಅದು ಸರಿಯೆಂದೇ ಈಗಲೂ ನನ್ನ ನಂಬಿಕೆ. ಆದರೆ ಏಡಿ ಬೇಯಿಸಿ, ಮಾಂಸ ಬಿಡಿಸಿ ಮಾರುವ ಹೆಂಗಸರು ಆ ತಿಂಗಳುಗಳಲ್ಲಿ ಏನು ತಿನ್ನಬೇಕೆಂಬ ಸಾಲು ಕರಡಿನಲ್ಲಿರಲಿಲ್ಲ. ಮೊಮ್ಮಕ್ಕಳ ತಟ್ಟೆಯವರೆಗೆ ಹೋದ ನಮ್ಮ ದೂರದೃಷ್ಟಿಗೆ ಅಜ್ಜಿಯರ ತಟ್ಟೆ ಹೇಗೆ ತಪ್ಪಿಹೋಯಿತೋ ತಿಳಿಯದು. ಅದೇ ಕಸುಬಿನ, ನನ್ನ ಪಕ್ಕದ ಮನೆಯ ಮಿಸ್ ಇವಾಡ್ನಿ ಬೇಲಿಯಾಚೆಯಿಂದ ಕೇಳಿದರು: "ಅಲ್ವೇ ಅರ್ಲೀನ್, ಏಡಿಗೆ ಹೆರಿಗೆ ರಜೆ ಕೊಟ್ರಿ, ಒಳ್ಳೇದಾಯ್ತು. ರಜೆ ಸಂಬಳ ಮಾತ್ರ ನಾವು ಕೊಡ್ಬೇಕಾ?"

ಆದ್ದರಿಂದ ಈ ಹೆಂಗಸರಿಗೆ ಜೀವನಭತ್ಯೆ ಕೊಡುವ ತಿದ್ದುಪಡಿಯನ್ನು ಬರೆದೆವು. ಅದು ಮತಕ್ಕೆ ಬರುವ ದಿನ, ಮಳೆ ನಿಂತ ಬೆಳಿಗ್ಗೆ, ಪರಿಷತ್ತಿನ ಸದಸ್ಯರ ಕಾರುಗಳು ಹೊರಟ ಹೊತ್ತನ್ನೇ ತಾವು ಬಳಗಸಮೇತ ರಸ್ತೆ ದಾಟಲು ಆರಿಸಿಕೊಂಡಿರಿ. ಕಾನೂನಿನಂತೆ ಕಾರುಗಳು ನಿಂತವು. ಏಡಿ ಬಿಡಿಸುವ ಹೆಂಗಸರಾದರೋ ಪಾದ ಎತ್ತದೆ, ನೆಲ ಸವರುತ್ತ, ತಮ್ಮ ಬಳಗದವರ ಒಂದು ಕಾಲನ್ನೂ ತುಳಿಯದೆ ಆ ಕಾರುಗಳ ಪಕ್ಕದಲ್ಲೇ ನಡೆದು ಬಂದರು.

"ಕಾರಲ್ಲಿ ಕೂತಿರೋ ಇವ್ರಿಗೆ ನಡ್ಯೋಕೆ ಬರಲ್ವೇನೇ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಬರತ್ತೆ ಬಿಡೇ," ಎಂದರು ಮಿಸ್ ಇವಾಡ್ನಿ, "ಓಟು ಕೇಳೋವಾಗ ಮನೆಮನೆಗೂ ನಡ್ಕೊಂಡೇ ಬಂದಿದ್ರಲ್ಲ."

ಹೀಗೆ, ಸಭೆಯಲ್ಲಿ ಮತ ಹಾಕುವ ಹಕ್ಕಿಲ್ಲದವರಿಂದ ಸಭಾಂಗಣ ತುಂಬಿತು. ಹಕ್ಕಿದ್ದವರ ಕುರ್ಚಿಗಳು ಖಾಲಿ ಉಳಿದವು. ತಿದ್ದುಪಡಿಯನ್ನು ಮುಂದಿನ ಸಭೆಗೆ, ಅಂದರೆ ನಿಷೇಧವೇ ಮುಗಿದ ಮೇಲಿನ ದಿನಕ್ಕೆ, ಮುಂದೂಡಲಾಯಿತು.

ಆದಕಾರಣ ಆ ಸಭೆಗೆ ತಾವೇ ದಯಮಾಡಿಸಿ, ಖಾಲಿ ಕುರ್ಚಿಗಳನ್ನು ಅಲಂಕರಿಸಿ, ಹತ್ತರಲ್ಲಿ ಒಂದು ಕಾಲೆತ್ತಿ ಮತ ಹಾಕಬೇಕಾಗಿ ಕೋರುತ್ತೇನೆ. ಅಡ್ಡಡ್ಡ ನಡೆಯುತ್ತೇನೆಂಬ ಸಂಕೋಚ ಬೇಡ. ಅಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ.

ಅದಾಗದಿದ್ದರೆ, ಮಿಸ್ ಇವಾಡ್ನಿಯವರ ಮನೆಯನ್ನಾದರೂ ಬಳಸಿ ಹೋಗಿ. ನಿನ್ನೆ ತಮ್ಮವರೊಬ್ಬರು ಅವರ ಅಡುಗೆಮನೆಗೇ ಬಂದು ಖಾಲಿ ಪಾತ್ರೆಯ ಪಕ್ಕ ಕುಳಿತಿದ್ದರು. ಆಕೆ ಅವರನ್ನು ಪೊರಕೆಯಿಂದ ಮೆಲ್ಲಗೆ ಹೊಸ್ತಿಲು ದಾಟಿಸಿ, ನೇರ ನನ್ನಲ್ಲಿಗೆ ಬಂದರು. "ನಿನ್ನ ಕಾನೂನು ಪಾಲಿಸಿದೀನಿ ಕಣೇ. ಈಗ ನಿಮ್ಮನೇಲಿ ಊಟಕ್ಕೇನಿದೆ ಹೇಳು."

ತಟ್ಟೆ ಹಾಕಿದೆ. ಒಂದು ತಟ್ಟೆ ಹಾಕುವುದು ನನ್ನಿಂದಾಗುತ್ತದೆ. ಇಡೀ ಊರಿಗೆ ತಟ್ಟೆ ಹಾಕಲೆಂದೇ ಅಲ್ಲವೇ ಕಾನೂನು ಬರೆಯುವುದು?

ತಮ್ಮ ವಿಶ್ವಾಸಿ,
ಅರ್ಲೀನ್ ನ್ಯೂಬಾಲ್

ತಾ.ಕ.: ಸಭೆ ಮುಂದೂಡಿದ ಮೇಲೆ, ಊಟದ ಹೊತ್ತಿಗೆ ಸರಿಯಾಗಿ ಸದಸ್ಯರೆಲ್ಲ ರಸ್ತೆ ಬಿಟ್ಟು ದೋಣಿಯಲ್ಲಿ ಬಂದಿಳಿದರು. ಬಡಿಸಿದ್ದು ಏಡಿಯನ್ನೇ, ಹೊರದೇಶದಿಂದ ಡಬ್ಬಿಯಲ್ಲಿ ಬಂದದ್ದು, ಆದ್ದರಿಂದ ಸಂಪೂರ್ಣ ಕಾನೂನುಬದ್ಧ.