ಸೀರೆ ತಂದಿದ್ದೆವು, ತೊಲೆ ತಂದಿರಲಿಲ್ಲ

ಸುದ್ದಿಮನೆಯ ಸಹವಾಸದಲ್ಲಿ ಹತ್ತೊಂಬತ್ತು ವರ್ಷ ಕಳೆದವನಿಗೆ ಕೆಲವು ಒಳ್ಳೆಯ ಚಾಳಿಗಳು ಅಂಟಿಕೊಳ್ಳುತ್ತವೆ. ಕಣ್ಣಾರೆ ಕಾಣದ್ದನ್ನು ಬರೆಯಬಾರದು. ಕಾಣದಿದ್ದರೆ ಕಂಡವರಿಬ್ಬರನ್ನು ಕೇಳಬೇಕು. ಆ ಇಬ್ಬರೂ ಬೇರೆ ಬೇರೆ ಹೇಳಿದರೆ ಇಬ್ಬರಿಗೂ ಸಲ್ಲುವ ಮಾತನ್ನು ಹುಡುಕಬೇಕು. ಆಲೂರು, ಸಕಲೇಶಪುರ ಎರಡೂ ತಾಲ್ಲೂಕುಗಳ ವರದಿಗಾರನಾಗಿ ನಾನು ಈ ನೇಮವನ್ನು ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿದ್ದೇನೆ. ತೋಟಕ್ಕೆ ನುಗ್ಗಿದ ಆನೆಗಳು ಒಂಬತ್ತು ಎಂದು ಊರವರು, ಐದು ಎಂದು ಕಾವಲುಗಾರರು ವಾದಿಸಿದರೆ ನಾನು ‘ಆನೆಗಳ ಹಿಂಡು’ ಎಂದು ಬರೆದು ನೆಮ್ಮದಿಯಾಗಿ ಊಟಕ್ಕೆ ಏಳುತ್ತೇನೆ. ಇಂಥ ನಾನು ಒಂದೇ ಒಂದು ಸಲ ಜಾರಿದೆ. ಆ ಕಥೆಯನ್ನು ನಮ್ಮ ಮನೆಯಲ್ಲಿ ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಕ್ಷೇಮ.

ಅವತ್ತು ಮಧ್ಯಾಹ್ನ ಮೂರೂವರೆಗೆ ಭಾನುವಾರದ ಪುರವಣಿ ನೋಡಿಕೊಳ್ಳುವವರು ಫೋನ್ ಮಾಡಿದರು. ಒಂದು ಜಾಹೀರಾತು ಕೈಕೊಟ್ಟು ಪುಟದಲ್ಲಿ ಮುಕ್ಕಾಲು ಕಾಲಂ ಬಾಯಿ ಬಿಟ್ಟುಕೊಂಡಿತ್ತು. “ನೀವು ಬೆಟ್ಟದ ಕಡೆಯವರಲ್ವಾ? ಪುಟ್ಟ ಮಕ್ಕಳನ್ನ ಕರ್ಕೊಂಡು ಟೆಂಟ್ ಹಾಕೋದರ ಬಗ್ಗೆ ಏನಾದ್ರೂ ಬರೆದುಬಿಡಿ. ಐದರೊಳಗೆ ಬೇಕು” ಎಂದರು. ಅಲ್ಲಿಯವರೆಗೆ ನಾನು ಟೆಂಟ್ ಎಂದು ಒಳಹೊಕ್ಕಿದ್ದು ಮದುವೆಯ ಶಾಮಿಯಾನಕ್ಕೆ, ಅದೂ ಊಟದ ಪಂಕ್ತಿಯ ಭಾಗಕ್ಕೆ ಮಾತ್ರ. ಆದರೂ ನಾಲ್ಕೂಮುಕ್ಕಾಲಿಗೆ ‘ಎಳೆಯರೊಂದಿಗೆ ಟೆಂಟ್ ವಾಸ: ಎಂಟು ಸೂತ್ರಗಳು’ ಸಿದ್ಧವಾಯಿತು. ಎಂಟೂ ಸೂತ್ರಗಳು ಯಾರೂ ಅಲ್ಲಗಳೆಯಲಾಗದಷ್ಟು ಮಟ್ಟಸವಾಗಿದ್ದವು. ಸಮತಟ್ಟಾದ ಜಾಗ ಆರಿಸಿ, ಸಾಮಾನು ಹಗುರವಾಗಿರಲಿ, ಮಗು ನಿತ್ಯ ಮಲಗುವ ಹಾಸಿಗೆಯನ್ನೇ ಒಯ್ಯಿರಿ, ಇತ್ಯಾದಿ. ಅಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಎರಡು ಸಾಲು ಕಡಿಮೆ ಬಿತ್ತೆಂದು ಮೊದಲಿಗೆ ಹೀಗೊಂದು ವಾಕ್ಯ ಸೇರಿಸಿದೆ: ‘ನಮ್ಮ ಅನುಭವದಲ್ಲಿ ಹೇಳುವುದಾದರೆ, ಮಕ್ಕಳು ದೊಡ್ಡವರಿಗಿಂತ ಬೇಗ ಟೆಂಟಿಗೆ ಒಗ್ಗಿಕೊಳ್ಳುತ್ತಾರೆ.’ ಯಾರ ಅನುಭವ ಎಂದು ಪುರವಣಿಯವರು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಕೆಳಗೆ ನನ್ನ ಹೆಸರೂ ಫೋಟೋವೂ ಬಂದವು.

ಕೇಳಿದವಳು ನನ್ನ ಮಗಳು. ಚಿನ್ನು ಒಂದನೇ ತರಗತಿ. ಸೋಮವಾರ ಶಾಲೆಯಿಂದ ಬಂದವಳು ಬ್ಯಾಗು ಇಳಿಸುವ ಮೊದಲೇ “ಅಪ್ಪಾ, ನಾವು ಟೆಂಟಲ್ಲಿ ಮಲಗಿದ್ದು ಯಾವಾಗ?” ಎಂದಳು. ಅವಳ ಕ್ಲಾಸ್ ಮಿಸ್ ನನ್ನ ಲೇಖನವನ್ನು ಇಡೀ ತರಗತಿಗೆ ಓದಿ ಹೇಳಿ, ‘ಚಿನ್ನು, ಹೇಗಿತ್ತು ಹೇಳು’ ಎಂದು ಎಬ್ಬಿಸಿ ನಿಲ್ಲಿಸಿದ್ದರಂತೆ. “ನಂಗೆ ನೆನಪೇ ಬರ್ಲಿಲ್ಲ. ನಾನು ತುಂಬಾ ಪಾಪು ಇದ್ದಾಗ ಹೋಗಿದ್ವಿ ಅಂದುಬಿಟ್ಟೆ. ಸರೀನಾ?”

ನನ್ನ ಹೆಂಡತಿ ಸವಿತಾ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಬೆಳ್ಳುಳ್ಳಿ ಬಿಡಿಸುತ್ತಿದ್ದವಳು ತಲೆಯೆತ್ತದೆ, “ಹೇಳಿ, ಯಾವಾಗ?” ಎಂದಳು.

“ಬರೋ ಶನಿವಾರ” ಎಂದೆ.

ಸವಿತಾ ಲೇಖನವನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನನ್ನು ದಾರದಲ್ಲಿ ಕಟ್ಟಿ ತೂಗುಬಿಟ್ಟಳು. ಮಗಳು ಮಲಗಿದ ಮೇಲೆ ಷರತ್ತನ್ನೂ ಹೇಳಿದಳು. “ಎಂಟೂ ಸೂತ್ರ ನೀವು ಬರೆದ ಹಾಗೇ ಮಾಡೋಣ. ಆದ್ರೆ ಪಾಪು ಎಂಟು ಗಂಟೆಯೊಳಗೆ ಮಲಗಬೇಕು. ಮಲಗಲಿಲ್ವಾ, ಟೆಂಟ್ ಮಡಚಿ ವಾಪಸ್. ದಾರೀಲಿ ಚಿನ್ನುಗೆ ನೀವೇ ನಿಜ ಹೇಳ್ಬೇಕು. ಅವಳು ಮಿಸ್ಸಿಗೆ ಸುಳ್ಳು ಹೇಳಿದ್ದು ನಿಮ್ಮನ್ನ ಉಳಿಸೋಕೆ, ನೆನಪಿರ್ಲಿ.” ಪಾಪು ಎಂದರೆ ನಮ್ಮ ಎಂಟು ತಿಂಗಳ ಮಗ. ನನ್ನ ಮರ್ಯಾದೆ ಅವನ ನಿದ್ದೆಯ ಮೇಲೆ ನಿಂತಿತು. ಅವನ ನಿದ್ದೆಯ ಇತಿಹಾಸ ಬಲ್ಲವರಾರೂ ಅದರ ಮೇಲೆ ಏನನ್ನೂ ನಿಲ್ಲಿಸುವುದಿಲ್ಲ.

ಜಾಗದ ಚರ್ಚೆ ಮೂರು ದಿನ ನಡೆಯಿತು. ಬಿಸಿಲೆ ಕಾಡಿನ ಕಡೆ ಹೋಗೋಣವೇ ಎಂದೆ. “ಆನೆ ಸುದ್ದಿ ಬರೆಯೋರು ಯಾರು, ನೀವೇ ತಾನೆ?” ಎಂದು ಸವಿತಾ ಆ ಕಡತವನ್ನು ಮುಚ್ಚಿದಳು. ಮಗ್ಗೆ ಎಂಬ ಊರಿನಲ್ಲಿ ಅವಳ ಚಿಕ್ಕಮ್ಮನ ಕೊಯ್ಲಾದ ಗದ್ದೆಯಿತ್ತು. ಫೋನಿನಲ್ಲಿ ವಿಷಯ ತಿಳಿಸಿದ್ದೇ ತಡ ಚಿಕ್ಕಮ್ಮ ಗಾಬರಿಬಿದ್ದರು. “ಯಾಕೆ ಕಣವ್ವಾ, ಒಳಗೆ ಜಾಗ ಇಲ್ವಾ? ಅಳಿಯಂದ್ರು ಮುನಿಸ್ಕಂಡು ಕೂಸು ಕಟ್ಕಂಡು ಗದ್ದೇಲಿ ಮಲಗವ್ರೆ ಅಂತ ಊರೆಲ್ಲಾ ಆಡ್ಕಂತದೆ. ಕೋಳಿ ಕುಯ್ಯಿಸ್ತೀನಿ, ಸುಮ್ಕೆ ಮನೇಗ್ ಬನ್ನಿ.” ಆ ಬಿಡಾರವೂ ಎದ್ದಿತು.

ಕೊನೆಗೆ ಕೈಹಿಡಿದವನು ಕಾಲೇಜಿನ ಗೆಳೆಯ ವಿನ್ಸೆಂಟ್. ಅವನ ಅಜ್ಜ ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದು ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ಲೆಕ್ಕಪತ್ರ ನೋಡುತ್ತಿದ್ದವರು. ಮುಂದೆ ದೋಣಿಗಲ್ ಹತ್ತಿರ ಸ್ವಂತ ತೋಟ ಮಾಡಿದರು. “ಬಾ ಮಾರಾಯ, ಬಂಗ್ಲೆ ಎದುರಿಗೇ ಹಾಕು. ಹೆದರಿಕೆಯಾದ್ರೆ ಒಳಗೆ ಓಡಿ ಬರ್ಲಿಕ್ಕೆ ಸುಲಭ” ಎಂದ. ಯಾರಿಗೆ ಹೆದರಿಕೆಯಾದರೆ ಎಂದು ಅವನು ಬಿಡಿಸಿ ಹೇಳಲಿಲ್ಲ.

‘ಸಾಮಾನು ಹಗುರವಾಗಿರಲಿ’ ಎಂಬುದು ಎರಡನೇ ಸೂತ್ರ. ಶನಿವಾರ ಮಧ್ಯಾಹ್ನ ಕಾರಿನ ಡಿಕ್ಕಿ ಮೂರು ಸಲ ಹಾಕಿದರೂ ಮುಚ್ಚಲಿಲ್ಲ. ಎಂಟು ತಿಂಗಳ, ಎರಡಡಿ ಚಿಲ್ಲರೆ ಉದ್ದದ ಒಬ್ಬ ಮನುಷ್ಯನಿಗೆ ಒಂದು ರಾತ್ರಿಗೆ ಏನೇನು ಬೇಕು ಎಂಬುದು ನನಗೆ ಅವತ್ತೇ ತಿಳಿದದ್ದು. ರಾಗಿ ಸರಿ ಕಾಯಿಸುವ ಪಾತ್ರೆ, ಅದನ್ನು ಕಲಕುವ ಚಮಚ, ಆ ಚಮಚ ಬಿದ್ದರೆ ಇನ್ನೊಂದು ಚಮಚ, ಬಿಸಿನೀರಿನ ಎರಡು ಫ್ಲಾಸ್ಕು, ಅವನು ಬಾಯಿಗೆ ಹಾಕಿಕೊಳ್ಳಲು ಒಂದು ಗಿಲಕಿ, ಅವನು ನಿಜವಾಗಿ ಬಾಯಿಗೆ ಹಾಕಿಕೊಳ್ಳುವ ಹಳೆಯ ಟಿ.ವಿ. ರಿಮೋಟು. ಡೈಪರ್ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡೇ ನಾನು ಘಟ್ಟದ ರಸ್ತೆಯವರೆಗೆ ಕಾರು ಓಡಿಸಿದೆ.

ಸಮತಟ್ಟಾದ ಜಾಗ ಆರಿಸಿ ಎಂದು ಬರೆದವನು ಆಫೀಸಿನ ಮೇಜಿನ ಮುಂದೆ ಕೂತಿದ್ದ. ಸಕಲೇಶಪುರದ ಸೀಮೆಯಲ್ಲಿ ಸಮತಟ್ಟಾಗಿರುವುದು ಬಸ್ ನಿಲ್ದಾಣ, ರೈಲ್ವೆ ಪ್ಲಾಟ್‌ಫಾರಂ, ಬಿಟ್ಟರೆ ಕಾಫಿ ಒಣಗಿಸುವ ಕಣ. ವಿನ್ಸೆಂಟ್ ತನ್ನ ಸಿಮೆಂಟ್ ಕಣದ ಅರ್ಧ ಭಾಗ ಬಿಟ್ಟುಕೊಟ್ಟ. ಇನ್ನರ್ಧದಲ್ಲಿ ಒಣಗುತ್ತಿದ್ದ ರೊಬಸ್ಟಾ ಹಣ್ಣಿನ ಹುಳಿಸಿಹಿ ವಾಸನೆ ಹಬ್ಬಿತ್ತು. ನಾನು ಅದೇ ವಾರ ಕೊಂಡಿದ್ದ ಟೆಂಟು ಬಿಚ್ಚಿ, ಗೂಟ, ಸುತ್ತಿಗೆ ತೆಗೆದು ಕೆಲಸ ಶುರುಮಾಡಿದೆ.

“ಎಂತ ಮಾರಾಯ, ಸಿಮೆಂಟಿಗೆ ಗೂಟ ಹೊಡೀತಿದ್ದೀಯಾ?” ವಿನ್ಸೆಂಟ್ ಜಗಲಿಯಿಂದ ಕೂಗಿದ. “ನಮ್ಮಜ್ಜ ಹಾಕಿಸಿದ ಕಣ ಅದು. ಬಿರುಕು ಬಿಟ್ರೆ ನಿನ್ನ ಮೇಲೆ ನಿನ್ನ ಪೇಪರಿನಲ್ಲೇ ಬರೆಸ್ತೇನೆ, ನೋಡು.”

ಅವನೇ ಸ್ಟೋರಿನಿಂದ ನಾಲ್ಕು ಕಾಫಿ ಚೀಲ ಹೊರಿಸಿ ತಂದು ಮೂಲೆಗೊಂದರಂತೆ ಇಡಿಸಿದ. ಟೆಂಟನ್ನು ಅವಕ್ಕೆ ಕಟ್ಟಿ ನಿಲ್ಲಿಸಿದವಳು ಸವಿತಾ. ಬಾಗಿಲಿನ ಜಿಪ್ ನನ್ನ ಪಾಲಿಗೆ ಬಂತು. ಅದನ್ನು ನಾನು ಒಳಗಿನಿಂದ ಎಳೆದು, ಬಟ್ಟೆ ಸಿಕ್ಕಿಸಿಕೊಂಡು, ಕಾಲು ಗಂಟೆ ಒಳಗೇ ಉಳಿದೆ. ಚಿನ್ನು ಹೊರಗಿನಿಂದ ಬೆರಳು ತೂರಿಸಿ ಬಿಡಿಸಿದಳು. ‘ನಿಸರ್ಗದ ಮೌನವನ್ನು ಮಕ್ಕಳಿಗೆ ಪರಿಚಯಿಸಿ’ ಎಂಬ ಸೂತ್ರವನ್ನು ಪಾಲಿಸಲು ನಾವೆಲ್ಲ ಕಣ್ಣು ಮುಚ್ಚಿ ಕೂತೆವು. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳು ಘಟ್ಟ ಹತ್ತಲಾರದೆ ನರಳುತ್ತಿದ್ದವು. “ಇದು ಟ್ಯಾಂಕರ್, ಇದು ಬಸ್ಸು, ಈಗ ಬಂದಿದ್ದು ಗೂಡ್ಸ್ ರೈಲು” ಎಂದು ಚಿನ್ನು ಮೌನವನ್ನು ಒಂದೊಂದಾಗಿ ಗುರುತಿಸಿದಳು. ಅವಳಿಗೆ ಸ್ವರ್ಗ. ಅಕ್ಕಿರೊಟ್ಟಿಯನ್ನು ಟೆಂಟಿನ ಒಳಗೆ ಕೂತು ತಿಂದಳು, ಹೊರಗೆ ಬಂದು ತಿಂದಳು, ಅರ್ಧ ಒಳಗೆ ಅರ್ಧ ಹೊರಗೆ ಮಲಗಿಕೊಂಡೂ ತಿಂದಳು.

ಏಳು ಗಂಟೆಗೆ ಪಾಪು ಕಣ್ಣುಜ್ಜಿದ. ಅವನಿಗೆ ನಿದ್ದೆ ಬಂದರೆ ಮನೆಯಲ್ಲಿ ದಾರಿ ಒಂದೇ. ಆಲೂರಿನ ನಮ್ಮ ಬಾಡಿಗೆ ಮನೆ ಹಳೆಯ ಹೆಂಚಿನದು. ನಡುಮನೆಯ ತೊಲೆಗೆ ನನ್ನ ಅಮ್ಮನ ಹಳೇ ನೂಲಿನ ಸೀರೆಯಲ್ಲಿ ಜೋಲಿ ಕಟ್ಟಿದೆ. ಅದರಲ್ಲಿ ಹಾಕಿ ತೂಗಿದರೆ ಮಾತ್ರ ಮಲಗುತ್ತಾನೆ. ಮಗು ನಿತ್ಯ ಮಲಗುವ ಹಾಸಿಗೆಯನ್ನೇ ಒಯ್ಯಿರಿ ಎಂಬ ನನ್ನ ಸೂತ್ರದಂತೆ ಆ ಸೀರೆಯನ್ನು ಹಗ್ಗದ ಸಮೇತ ಜೋಪಾನವಾಗಿ ಮಡಿಸಿ ತಂದಿದ್ದೆವು. ಈಗ ಅದನ್ನು ಬಿಡಿಸಿ ಕೈಯಲ್ಲಿ ಹಿಡಿದು ನಾನೂ ಸವಿತಾಳೂ ಒಟ್ಟಿಗೇ ಮೇಲೆ ನೋಡಿದೆವು. ಸೀರೆ ತಂದಿದ್ದೆವು, ತೊಲೆ ತಂದಿರಲಿಲ್ಲ.

ಟೆಂಟಿನ ನೆತ್ತಿಯ ಕಡ್ಡಿಗೆ ಕಟ್ಟಿ ನೋಡಿದೆ. ಪರೀಕ್ಷೆಗೆಂದು ಮೊದಲು ಎರಡು ತೆಂಗಿನಕಾಯಿ ಹಾಕಿದ್ದು ನನ್ನ ಪುಣ್ಯ. ಕಡ್ಡಿ ವಿನಯದಿಂದ ಬಾಗಿ ಟೆಂಟು ಪೂರ್ತಿ ನನ್ನ ಮೇಲೆ ಮಲಗಿತು. “ಇನ್ನೊಂದ್ಸಲ, ಅಪ್ಪಾ!” ಎಂದು ಚಿನ್ನು ಕುಣಿದಳು. ಸವಿತಾ ಅದನ್ನು ಮತ್ತೆ ಎತ್ತಿ ನಿಲ್ಲಿಸುವಷ್ಟರಲ್ಲಿ ಪಾಪು ಅಳು ತೆಗೆದ. ಎತ್ತಿಕೊಂಡು ಕಣದ ಸುತ್ತ ನಡೆದೆ. ಎರಡು ಕೈಯಲ್ಲಿ ಹಿಡಿದು ತೂಗಿದೆ. ಅವನು ಉಸಿರು ತೆಗೆದುಕೊಳ್ಳಲು ಮಾತ್ರ ನಿಲ್ಲಿಸುತ್ತಿದ್ದ. ಏಳೂವರೆಗೆ ವಿನ್ಸೆಂಟ್ ಬಂದು, “ಸಾಕು ಮಾರಾಯ, ಒಳಗೆ ಬನ್ನಿ. ಮೂರು ರೂಮು ಖಾಲಿ ಉಂಟು” ಎಂದ. ಸವಿತಾ ವಾಚು ನೋಡಿದಳು. ಚಿನ್ನು ಟೆಂಟಿನೊಳಗೆ ಹೋಗಿ ಜಿಪ್ ಎಳೆದುಕೊಂಡು, “ನಾನು ಬರಲ್ಲ. ಮಿಸ್ ಕೇಳ್ತಾರೆ” ಎಂದಳು. ಆ ದನಿಯಲ್ಲಿ ಅಳು ಬಾಗಿಲವರೆಗೆ ಬಂದು ನಿಂತಿತ್ತು. ನಾನು ಕಾರಿನಲ್ಲಿ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ತಿದ್ದತೊಡಗಿದೆ. ‘ನಮ್ಮ ಅನುಭವದಲ್ಲಿ’ ಎಂಬುದಕ್ಕೆ ಆರು ವರ್ಷದ ಮಗುವಿಗೆ ಅರ್ಥವಾಗುವ ಸಮಜಾಯಿಷಿ ಯಾವುದೂ ಹೊಳೆಯಲಿಲ್ಲ.

ಆಗ ಲೈನಿನ ಕಡೆಯಿಂದ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳ ಕಡೆಯಿಂದ, ಒಬ್ಬ ಹೆಂಗಸು ಟಾರ್ಚು ಹಿಡಿದು ಬಂದಳು. ಜಯಮ್ಮ. ಇಬ್ಬನಿಗೆ ಮೊದಲು ಕಾಫಿ ರಾಶಿಯ ಟಾರ್ಪಾಲು ಸರಿಯಾಗಿದೆಯೇ ನೋಡುವುದು ಅವಳ ಪಾಳಿ. ಟೆಂಟನ್ನು ಒಂದು ಸುತ್ತು ಹಾಕಿ ನನ್ನನ್ನು ಕೇಳಿದಳು, “ಏನ್ ಸಾರ್, ಮನೆ ರಿಪೇರಿ ನಡೀತೈತಾ?”

“ಇಲ್ಲಮ್ಮ, ಸುಮ್ಮನೆ. ಮಕ್ಕಳಿಗೆ ಖುಷಿಯಾಗ್ಲಿ ಅಂತ.”

“ಕೂಸಿಗೇನೂ ಖುಷಿ ಆದಂಗಿಲ್ವಲ್ಲ ಸಾರ್.” ಸವಿತಾಳ ಕೈಯ ಸೀರೆಯ ಮೇಲೆ ಟಾರ್ಚು ಬಿಟ್ಟಳು. “ಜೋಲಿ ಮಗಾನಾ? ಮೊದ್ಲೇ ಯೋಳಬಾರ್ದಾ ಅಕ್ಕಾ, ಕೊಡಿ ಇಲ್ಲಿ.”

ಕಣದ ಅಂಚಿನಲ್ಲಿ ಹಲಸಿನ ಮರವೊಂದಿತ್ತು. ಮಧ್ಯಾಹ್ನದಿಂದ ನಾನು ಅದರ ನೆರಳಿನಲ್ಲೇ ಕಾರು ನಿಲ್ಲಿಸಿದ್ದೆ. ಜಯಮ್ಮ ಕೊಂಬೆಯ ಮೇಲೆ ಹಗ್ಗ ಎಸೆದು, ಗಂಟು ಹಾಕಿ, ತಾನೇ ಒಮ್ಮೆ ಜೋತು ನೋಡಿ, ಸೀರೆ ಮಗುವಿನ ಮುಖಕ್ಕೆ ಮುಚ್ಚಿಕೊಳ್ಳದಂತೆ ನಡುವೆ ಒಂದು ಕೋಲು ಅಡ್ಡ ಸಿಕ್ಕಿಸಿದಳು. ಸೆರಗಿನಿಂದ ಒಂದು ಬಟ್ಟೆಚೂರು ತೆಗೆದು, ಕಾರಿನಲ್ಲಿದ್ದ ಕೊಬ್ಬರಿ ಎಣ್ಣೆ ಕೇಳಿ ಅದ್ದಿ, ಹಗ್ಗಕ್ಕೆ ಬಿಗಿಯಾಗಿ ಸುತ್ತಿದಳು. “ಇರುವೆ ಕೆಳಗಿಳಿಯಲ್ಲ” ಎಂದಳು. ಪಾಪುವನ್ನು ಒಳಗಿಟ್ಟು ನಾಲ್ಕು ಸಲ ತೂಗಿರಬಹುದು. ಅಳು ಗೊಣಗಾಟವಾಯಿತು, ಗೊಣಗಾಟ ಉಸಿರಾಯಿತು. ಸವಿತಾಳ ವಾಚಿನಲ್ಲಿ ಎಂಟಕ್ಕೆ ಒಂಬತ್ತು ನಿಮಿಷವಿತ್ತು.

“ಇಬ್ಬನಿ ಇಳಿಯೋಕ್ ಮುಂಚೆ ಒಳಕ್ ತಗಂಡ್ ಮಲಗ್ಸಿ ಅಕ್ಕಾ. ಒಂದ್ಸಲ ನಿದ್ದೆ ಹತ್ತುದ್ರೆ ಎಲ್ ಹಾಕುದ್ರೂ ಗೊತ್ತಾಗಾಕಿಲ್ಲ” ಎಂದು ಜಯಮ್ಮ ಪಿಸುಗುಟ್ಟಿದಳು. “ನನ್ ಮಗಳು ಮೂರು ತಿಂಗಳ ಕೂಸಾಗಿದ್ದಾಗಿಂದ ಇಂಗೇ ಗಿಡದ್ ಕೆಳ್ಗೇ ಮಲಗಿದ್ದು. ನಾನ್ ಕಾಫಿ ಕುಯ್ಯೋ ಸಾಲು ಬದಲಾದಂಗೆ ಜೋಲೀನೂ ಮರ ಬದಲಾಯಿಸ್ತಿತ್ತು. ಈಗ ಪಿಯುಸಿ.”

ಅಭ್ಯಾಸಬಲ, ನನ್ನ ಕೈಗೆ ನೋಟ್‌ಬುಕ್ ಬಂದಿತ್ತು. “ಇದ್ನೂ ಬರ್ಕತೀರಾ ಸಾರ್?” ಎಂದು ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಲ್ಲಾ, ಇಂಗೆ ಮಕ್ಳು ಕಟ್ಕಂಡು ಬಯಲಲ್ ಇರಾದ್ಕೆ ಏನೋ ಹೆಸರೈತೆ ಅಂದ್ರು ನಮ್ ಸಾಹುಕಾರ್ರು?”

“ಕ್ಯಾಂಪಿಂಗ್.”

“ನಮ್ಗೆ ಅದಕ್ಕೆ ಸಂಬಳ ಕೊಡ್ತಾರೆ ಸಾರ್” ಎಂದು ಟಾರ್ಪಾಲಿನ ಕಡೆ ನಡೆದಳು.

ರಾತ್ರಿಯ ವಿವರಗಳನ್ನು ನಾನು ಕೊಡಲಾರೆ. ಸ್ಥಳದಲ್ಲಿ ನಾನಿರಲಿಲ್ಲ. ಟೆಂಟಿನ ಡಬ್ಬಿಯ ಮೇಲೆ ನಾಲ್ಕು ಜನಕ್ಕೆ ಎಂದು ಬರೆದಿತ್ತು. ಅದನ್ನು ಬರೆದವರೂ ನನ್ನಂತೆ ಮೇಜಿನ ಮುಂದೆ ಕೂತು ಬರೆದಿರಬೇಕು. ಚಿನ್ನುವಿನ ಮೊಣಕಾಲು ನನ್ನ ಪಕ್ಕೆಯಲ್ಲಿ, ವಿನ್ಸೆಂಟನ ಅಜ್ಜನ ಸಿಮೆಂಟು ನನ್ನ ಬೆನ್ನಿನಲ್ಲಿ. ನೀರಿನ ಬಾಟಲಿ ತರುತ್ತೇನೆಂದು ಎದ್ದು ಬಂಗಲೆಯ ಜಗಲಿಗೆ ಹೋದವನು ಆರಾಮ ಕುರ್ಚಿಯಲ್ಲಿ ಒಂದು ನಿಮಿಷ ಕೂತೆ. ಕಣ್ಣು ಬಿಟ್ಟಾಗ ಮಂಜಿನೊಳಗಿಂದ ಬಿಸಿಲು ಬಂದಿತ್ತು, ಯಾರೋ ನನಗೆ ಕಂಬಳಿ ಹೊದಿಸಿದ್ದರು, ಎದುರಿಗೆ ಚಿನ್ನು ನಿಂತಿದ್ದಳು. ಆಚೆ ಕಣದಲ್ಲಿ ಪಾಪು ಟೆಂಟಿನಿಂದ ತಲೆ ಹೊರಗೆ ಹಾಕಿ ರಿಮೋಟು ಕಚ್ಚುತ್ತಿದ್ದ. ಸವಿತಾ ಕೂದಲು ಗಂಟು ಹಾಕಿಕೊಳ್ಳುತ್ತಾ, ಅಷ್ಟು ಒಳ್ಳೆಯ ನಿದ್ದೆ ಬಂದು ಎಂಟು ತಿಂಗಳಾಗಿತ್ತು ಎಂದು ವಿನ್ಸೆಂಟನಿಗೆ ಹೇಳುತ್ತಿದ್ದಳು.

ಷರತ್ತಿನಲ್ಲಿ ನಾನು ಗೆದ್ದಿದ್ದೆ. ನಿಜ ಹೇಳುವ ಅಗತ್ಯ ಇರಲಿಲ್ಲ. ಆದರೂ ಆ ಕಂಬಳಿಯೊಳಗೆ ಕೂತು ಸುಮ್ಮನಿರಲು ಆಗಲಿಲ್ಲ. “ಚಿನ್ನು, ನೀನು ಪಾಪು ಇದ್ದಾಗ ನಾವು ಟೆಂಟಿಗೆ ಹೋಗಿರ್ಲಿಲ್ಲ ಪುಟ್ಟಾ. ಇದೇ ಮೊದಲು. ಅಪ್ಪ ಹಾಗೇ ಸುಮ್ಮನೆ ಬರೆದಿದ್ದು” ಎಂದೆ.

“ಗೊತ್ತು” ಎಂದಳು ಚಿನ್ನು. “ನಿಮಗೆ ಜಿಪ್ ಹಾಕೋಕೇ ಬರ್ಲಿಲ್ವಲ್ಲ.”

ಸೋಮವಾರ ಅವಳು ತರಗತಿಯಲ್ಲಿ ಎದ್ದು ನಿಂತು ವರದಿ ಒಪ್ಪಿಸಿದಳಂತೆ. ಯಾರು ಮರಕ್ಕೆ ಹಗ್ಗ ಎಸೆದರು, ಟೆಂಟು ಯಾರ ಮೇಲೆ ಬಿತ್ತು, ಯಾರು ಎಲ್ಲಿ ಮಲಗಿದರು, ಎಲ್ಲವೂ ಇತ್ತಂತೆ. ಹಳೆಯ ಹೇಳಿಕೆಗೆ ‘ಅದು ತಪ್ಪು, ಇದೇ ಫಸ್ಟ್ ಟೈಮ್’ ಎಂಬ ತಿದ್ದುಪಡಿಯೂ ಸೇರಿತ್ತಂತೆ. ನಾನು ಫ್ರಿಜ್ಜಿನ ಮುಂದೆ ನಿಂತು, ‘ನಮ್ಮ ಅನುಭವದಲ್ಲಿ’ ಎಂಬ ಪದಗಳ ಸುತ್ತ ಸವಿತಾ ಹಾಕಿದ್ದ ಕೆಂಪು ವೃತ್ತವನ್ನು ನೋಡುತ್ತಿದ್ದಾಗ ಕ್ಲಾಸ್ ಮಿಸ್ಸಿನ ಫೋನ್ ಬಂತು. ಅವರಿಗೂ ಇಬ್ಬರು ಸಣ್ಣ ಮಕ್ಕಳು. ನನ್ನ ಲೇಖನವನ್ನು ಕತ್ತರಿಸಿ ಇಟ್ಟುಕೊಂಡಿದ್ದರಂತೆ, ಬರುವ ವಾರ ಹೊರಡುವವರಿದ್ದರಂತೆ. ನಾನು ಗಂಟಲು ಸರಿಮಾಡಿಕೊಂಡು, ಏನು ಸಲಹೆ ಬೇಕಾದರೂ ಸಂಕೋಚವಿಲ್ಲದೆ ಕೇಳಿ ಎಂದೆ.

“ಹಾಗಲ್ಲ ಸರ್” ಎಂದರು ಮಿಸ್ ಬಹಳ ಮರ್ಯಾದೆಯಿಂದ, “ಜಯಮ್ಮ ಅವರ ಫೋನ್ ನಂಬರ್ ಇದ್ರೆ ಕೊಡ್ತೀರಾ?”